ಮುಂದಿನ ಗೇಟು

ಮಾಂತು ಹಿಂದಿನ ಗೇಟಿನ ನಡುವೆ ನಿಂತು ಕೈ ಮೇಲೆತ್ತಿದ. ಅಡ್ಡಲಾಗಿ ಹಾಕಿದ್ದ ಕಬ್ಬಿಣದ ಪೈಪು ಬೆರಳಿಗೆ ಸಲೀಸಾಗಿ ಸಿಕ್ಕಿತು. ದೊಡ್ಡ ಟ್ಯಾಂಕರುಗಳು ಒಳಗೆ ನುಗ್ಗಿ ಚರಂಡಿಯ ಹಾಸುಗಲ್ಲು ಒಡೆಯದಿರಲೆಂದು ಹೌಸಿಂಗ್ ಸೊಸೈಟಿಯವರು ಹಾಕಿಸಿದ್ದ ಪೈಪು ಅದು. ಕೈಗಂಟಿದ ತುಕ್ಕನ್ನು ಪ್ಯಾಂಟಿಗೆ ಒರೆಸಿಕೊಂಡು ಇನ್ನೊಮ್ಮೆ ಎತ್ತಿ ನೋಡಿದ.

"ಆಗಂಗಿಲ್ಲ," ಎಂದ, ಪಕ್ಕದಲ್ಲಿದ್ದ ಅಭಿಲಾಷನಿಗೆ. "ಹೆಗಲ ಮ್ಯಾಲೆ ಹೊತ್ತ್ರ ಅಣ್ಣನ ತಲಿ ಪೈಪಿಗೆ ಬಡೀತದ."

"ಮಲಗಿಸಿರ್ತಾರಲ್ವಾ ಅಂಕಲ್?"

"ನಮ್ಮಾಗ ಮಲಗಸಂಗಿಲ್ಲಪ್ಪ. ನಾವು ಲಿಂಗಾಯತ್ರು. ಕುಂಡ್ರಿಸಿ ಒಯ್ತೀವಿ, ಕುಂಡ್ರಿಸೇ ಮಣ್ಣು ಕೊಡ್ತೀವಿ."

ಅಭಿಲಾಷ ಮಂಡ್ಯದ ಕಡೆಯ ಹುಡುಗ. ಪುಣೆಯ ಖರಾಡಿಯ ಐಟಿ ಪಾರ್ಕೊಂದರಲ್ಲಿ ಕೆಲಸ, ಬಸವಲಿಂಗನ ಎದುರು ಫ್ಲ್ಯಾಟಿನಲ್ಲಿ ಬಾಡಿಗೆಗಿದ್ದ. ಬೆಳಿಗ್ಗೆ ಬಸವಲಿಂಗ ಸ್ನಾನದ ಮನೆಯಲ್ಲಿ ಕುಸಿದಾಗ ಓಡಿ ಹೋಗಿ ಕಾರು ತಂದವನು ಅವನೇ. ಆಸ್ಪತ್ರೆ ಮುಟ್ಟುವ ಮೊದಲೇ ಎಲ್ಲ ಮುಗಿದಿತ್ತು. ಕುರಕುಂಭದ ಕಾರ್ಖಾನೆಯಿಂದ ತಮ್ಮ ಮಾಂತು ಬಂದು ತಲುಪುವಷ್ಟರಲ್ಲಿ ಸೊಸೈಟಿಯ ವಾಟ್ಸಾಪ್ ಗುಂಪಿನಲ್ಲಿ ಸಂತಾಪದ ಸಂದೇಶ ಬಂದಿತ್ತು. ಅದರ ಕೊನೆಗೆ ಇನ್ನೊಂದು ಸಾಲು. ಇವತ್ತು ಮುಂದಿನ ಅಂಗಳದಲ್ಲಿ ಸಂಕ್ರಾಂತಿಯ ಹಳದಿ-ಕುಂಕು ಎಂಬ ಮುತ್ತೈದೆಯರ ಅರಿಶಿನ-ಕುಂಕುಮ, ಟಿವಿ ಚಾನೆಲ್ಲಿನವರ ಶೂಟಿಂಗು, ಆದ್ದರಿಂದ ಅಂತ್ಯಯಾತ್ರೆ ಹಿಂದಿನ ಗೇಟಿನಿಂದ ಹೊರಡುತ್ತದೆ.

ಹಿಂದಿನ ಗೇಟಿನಾಚೆ ನಾಲೆಯ ದಂಡೆ. ಈಚೆ ಕಸದ ಡ್ರಮ್ಮುಗಳು. ಬೆಕ್ಕೊಂದು ಡ್ರಮ್ಮಿನ ಮೇಲೆ ಕೂತು ಇಬ್ಬರನ್ನೂ ನೋಡುತ್ತಿತ್ತು.

"ಪಾಪ ಅಂಕಲ್ಲು," ಎಂದ ಅಭಿಲಾಷ. "ಇವತ್ತು ಪ್ರೋಗ್ರಾಮಿಗೆ ಬರ್ತಿದಾರಲ್ಲ, ಆ ಆ್ಯಕ್ಟರ್. ಅವರನ್ನ ಎಷ್ಟ್ ಚೆನ್ನಾಗಿ ಮಿಮಿಕ್ರಿ ಮಾಡೋರು! ಲಿಫ್ಟಲ್ಲಿ ಸಿಕ್ಕಿದಾಗೆಲ್ಲ 'ಅಗದೀ ಜವಳ್' ಅನ್ನೋರು. ಸೇಮ್ ಟು ಸೇಮ್."

ಮಾಂತು ಅವನ ಮುಖ ನೋಡಿದ. ಹುಡುಗನ ಕಣ್ಣಲ್ಲಿ ಕುಹಕವಿರಲಿಲ್ಲ. ಅತ್ತಿದ್ದರಿಂದ ಕೆಂಪಾಗಿದ್ದವು.

"ಮಿಮಿಕ್ರಿ ಅಲ್ಲೋ ತಮ್ಮಾ ಅದು. ಆ ಮಾತು ನಮ್ಮಣ್ಣಂದು," ಎಂದ. "ಆ ನಟ ಶಾಲಿಗೆ ಹೋಗೂ ಮುಂದ ಇಡೀ ಯೆರವಡಾದ ಹೆಣ್ಮಕ್ಕಳು ಅದನ್ನ ಕೇಳಾಕಂತ ಟಿವ್ಹಿ ಮುಂದ ಕುಂಡರ್ತಿದ್ರು."

*

ಬಸವಲಿಂಗ ಇಂಡಿ ತಾಲೂಕಿನ ಕಡೆಯಿಂದ ಪುಣೆಗೆ ಬಂದವನು. ರವಿವಾರ ಪೇಠೆಯ ಸೀರೆ ಅಂಗಡಿಯೊಂದರಲ್ಲಿ ಗಾದಿಯ ಮೇಲೆ ಕೂತು, ಬಂದವರ ಮುಂದೆ ಸೀರೆ ಬಿಡಿಸಿ ಹರವುವ ಕೆಲಸ. ಆ ಕಾಲಕ್ಕೆ ಅವನ ಊರಿನವನೇ ಆದ ಸಿದ್ರಾಮಪ್ಪ ಯೆರವಡಾದಲ್ಲಿ ಕೇಬಲ್ ನಡೆಸುತ್ತಿದ್ದ. ಮಹಡಿಯ ಮೇಲೊಂದು ದೊಡ್ಡ ಡಿಶ್ ಛತ್ರಿ, ಅಲ್ಲಿಂದ ಮರದಿಂದ ಮರಕ್ಕೆ ಎಳೆದ ವೈರು, ಊರಿಗೆಲ್ಲ ಸಿನಿಮಾ. ಸಂಜೆಯ ಸಿನಿಮಾಕ್ಕೆ ಮೊದಲು ಸ್ವಲ್ಪ ಹೊತ್ತು ಖಾಲಿ ಉಳಿಯುತ್ತಿತ್ತು.

"ನೀ ಸೀರಿ ತೋರಸೂದು ನೋಡೀನಿ," ಎಂದಿದ್ದ ಸಿದ್ರಾಮಪ್ಪ. "ಒಂದೂ ತಗೊಳ್ಳದ ಹೋಗೂ ಹೆಣ್ಮಗಳೂ ನಕ್ಕೋತ ಹೋಗ್ತಾಳ. ಹಂಗ ಕ್ಯಾಮೆರಾದ ಮುಂದ ಮಾತಾಡು, ಸಾಕು."

ಹೀಗೆ 'ಟೋಪಲೀತ್ ಕಾಯ್' ಶುರುವಾಯಿತು. ಬುಟ್ಟಿಯೊಳಗೇನು ಎಂದು ಅರ್ಥ. ಒಂದು ಮೇಜು, ಒಂದು ಫೋನು, ಬೋರಲು ಹಾಕಿದ ಬಿದಿರಿನ ಬುಟ್ಟಿ. ಅದರಡಿ ಬಸವಲಿಂಗ ಏನಾದರೂ ಮುಚ್ಚಿಡುತ್ತಿದ್ದ: ಬೀಸುಕಲ್ಲಿನ ಗೂಟ, ತೊಟ್ಟಿಲಿನ ಸರಪಳಿ, ಎತ್ತಿನ ಕೊರಳಿನ ಗೆಜ್ಜೆ. ಫೋನು ಮಾಡಿದವರು ಒಂದೊಂದೇ ಪ್ರಶ್ನೆ ಕೇಳುತ್ತ ಒಳಗಿನದನ್ನು ಊಹಿಸಬೇಕು. ಗೆದ್ದವರಿಗೆ ಮುಚ್ಚಳದ ಸ್ಟೀಲ್ ಡಬ್ಬಿ.

ಅವನು ಯಾರಿಗೂ ತಪ್ಪು ಎನ್ನುತ್ತಿರಲಿಲ್ಲ. ಬುಟ್ಟಿಯಡಿ ಬಾಚಣಿಗೆಯಿದ್ದು ಅತ್ತಲಿನ ಹೆಂಗಸು ಕುಕ್ಕರ್ ಎಂದರೂ ಮುಂದಕ್ಕೆ ಬಾಗಿ, ಗುಟ್ಟು ಹೇಳುವವನಂತೆ, "ಅಗದೀ ಜವಳ್ ಆಲಾತ್, ತಾಯಿ!" ಎನ್ನುತ್ತಿದ್ದ. ತೀರಾ ಹತ್ತಿರ ಬಂದಿರಿ ಎಂದು. ಮರಾಠಿಯ 'ತಾಈ' ಎಂದರೆ ಅಕ್ಕ. ಅದು ಅವನ ಬಾಯಲ್ಲಿ ಕನ್ನಡದ ತಾಯಿಯೇ ಆಗಿಬಿಡುತ್ತಿತ್ತು. ತಿದ್ದಿಕೋ ಎಂದು ಸಿದ್ರಾಮಪ್ಪ ಹೇಳಿದಾಗ, "ಅಕ್ಕಂದ್ರ ಸಿಟ್ಟಾಗಬಹುದು, ತಾಯಂದ್ರ ಯಾರು ಸಿಟ್ಟಾಗ್ತಾರ?" ಎಂದಿದ್ದ.

ಹೆಸರು ಬಂತು. ಕಂದು ಬಣ್ಣದ ಕೋಟು ಬಂತು, ಮೀಸೆಗೆ ಕಪ್ಪು ಬಂತು. ಮಂಡಯಿಯ ಮಾರುಕಟ್ಟೆಗೆ ತರಕಾರಿಗೆಂದು ಹೋದರೆ ಯಾರಾದರೂ ಗುರುತು ಹಿಡಿಯಲೆಂದು ಹೆಜ್ಜೆ ನಿಧಾನ ಮಾಡುತ್ತಿದ್ದ. ಯಾರೂ ಹಿಡಿಯದಿದ್ದರೆ ಬದನೆಕಾಯಿ ಚೌಕಾಸಿ ಮಾಡುತ್ತ ತಾನೇ ಗಟ್ಟಿಯಾಗಿ "ಅಗದೀ ಜವಳ್!" ಎನ್ನುತ್ತಿದ್ದ. ಹೆಂಡತಿ ಶಿವಗಂಗವ್ವ ನಾಚಿಕೊಂಡು ನಾಲ್ಕು ಹೆಜ್ಜೆ ಮುಂದೆ ಹೋಗಿಬಿಡುತ್ತಿದ್ದಳು. ಹಿಂದೆ ತಿರುಗಿ ನೋಡಿದರೆ ಅವನ ಸುತ್ತ ಹೆಂಗಸರು ನೆರೆದಿರುತ್ತಿದ್ದರು.

ಆಮೇಲೆ ದೊಡ್ಡ ಕಂಪನಿಯೊಂದು ಸುತ್ತಲಿನ ಕೇಬಲ್ಲುಗಳನ್ನೆಲ್ಲ ಕೊಂಡಿತು. ಒಂದು ಸಂಜೆ ಬಸವಲಿಂಗ ಕೋಟು ಹಾಕಿಕೊಂಡು, ಬುಟ್ಟಿಯಡಿ ಇಡಲು ಕುದುರೆಯ ಲಾಳ ಹಿಡಿದು ಹೋದರೆ, ಮಹಡಿಯ ಮೇಲೆ ಗೊತ್ತಿಲ್ಲದ ಹುಡುಗರು ವೈರು ಸುತ್ತುತ್ತಿದ್ದರು. ನೋಡುವವರಿಗೆ ಒಂದು ಮಾತು ಹೇಳಿ ಮುಗಿಸೋಣವೆಂದರೆ ಕ್ಯಾಮೆರಾ ಆಗಲೇ ಪೆಟ್ಟಿಗೆ ಸೇರಿತ್ತು. ಎಲ್ಲವೂ ನೇರ ಪ್ರಸಾರವಾದದ್ದರಿಂದ ಅಷ್ಟು ವರ್ಷಗಳಲ್ಲಿ ಅವನಾಡಿದ ಒಂದು ಮಾತೂ ಎಲ್ಲಿಯೂ ಉಳಿಯಲಿಲ್ಲ.

*

ಹಾಲಿನಲ್ಲಿ ಗೋಡೆಗೆ ಒರಗಿಸಿ ಬಸವಲಿಂಗನನ್ನು ಕೂರಿಸಿದ್ದರು. ಹಣೆಗೆ ವಿಭೂತಿ, ತಲೆಗೆ ರುಮಾಲು, ಕೊರಳಲ್ಲಿ ಚೆಂಡುಹೂವಿನ ಹಾರ. ಮಗಳು ಶೈಲಶ್ರೀ ಬಂದವರಿಗೆ ಚಾಪೆ ಹಾಸುತ್ತಿದ್ದಳು. ಸಿದ್ರಾಮಪ್ಪ ಮೂಲೆಯಲ್ಲಿ ಕೂತು, ಪಕ್ಕದವರಿಗೆ ಹಳೆಯ ದಿನಗಳನ್ನು ಹೇಳುತ್ತಿದ್ದವನು ನೀತಾ ಒಳಗೆ ಬಂದದ್ದನ್ನು ನೋಡಿ ಸುಮ್ಮನಾದ.

ನೀತಾ ಸೊಸೈಟಿಯ ಸೆಕ್ರೆಟರಿ. ಸೋಲಾಪುರದವಳು, ಮನೆಮಾತು ಮರಾಠಿಯಾದರೂ ಕನ್ನಡ ಬರುತ್ತಿತ್ತು. ಸಂಕ್ರಾಂತಿಯ ಕಪ್ಪು ಸೀರೆಯ ಮೇಲೆ ಶಾಲು ಹೊದ್ದು ಬಂದಿದ್ದಳು. ಶಿವಗಂಗವ್ವನ ಕೈ ಹಿಡಿದು ನಿಜವಾಗಿಯೇ ಅತ್ತಳು.

"ನಾ ಲಗ್ನ ಆಗಿ ಬಂದ ಹೊಸದಾಗ ಯೆರವಡಾದ ಚಾಳಿನಾಗ ಇದ್ದೆ ಕಾಕು. ಒಬ್ಬರದೂ ಗುರುತಿದ್ದಿಲ್ಲ. ಅಂಜಿಕೋತ ಕಾಕಾಗ ಫೋನ್ ಹಚ್ಚಿದ್ದೆ. ಟಿವ್ಹಿಯೊಳಗ ನನ್ನ ಹೆಸರು ತಗೊಂಡು ಮಾತಾಡ್ಸಿದ್ರು. ಮರುದಿವ್ಸ ನಳದ ಹತ್ರ ಎಲ್ಲಾರೂ, ನೀನೇನು ನೀತಾ, ನೀನೇನು ನೀತಾ ಅಂತ... ಅಂಥಾ ಮನಷ್ಯಾ ಇನ್ನ ಸಿಗಂಗಿಲ್ಲ ಬಿಡ್ರಿ."

ಶಿವಗಂಗವ್ವ ತಲೆಯಾಡಿಸಿದಳು. ಬೆಳಗಿನಿಂದ ಅವಳ ಕಣ್ಣಲ್ಲಿ ನೀರು ಬಂದಿರಲಿಲ್ಲ.

"ಒಂದ್ ಮಾತು ಕಾಕು. ಸಿಟ್ಟಿಗೆ ಬರಬ್ಯಾಡ್ರಿ," ಎಂದು ನೀತಾ ದನಿ ತಗ್ಗಿಸಿದಳು. "ಮುಂದಿನ ಅಂಗಳದಾಗ ಮಂಟಪ ಹಾಕ್ಯಾರ. ಚಾನೆಲ್ಲಿನವರು ತಿಂಗಳ ಹಿಂದ ತಾರೀಖ ಕೊಟ್ಟಾರ, ಮುಂದ ಹಾಕಾಕ ಆಗಂಗಿಲ್ಲಂತ. ಹಿಂದಿನ ಗೇಟಿನಿಂದ..."

ಅಷ್ಟರಲ್ಲಿ ಮೇಲೆ ಬಂದಿದ್ದ ಮಾಂತು ಬಾಗಿಲಲ್ಲೇ ನಿಂತು ಹೇಳಿದ: "ಅಲ್ಲಿ ಪೈಪ್ ಅಡ್ಡ ಅದ್ರಿ. ಕುಂಡ್ರಿಸಿ ಒಯ್ಯಾಕ ಆಗಂಗಿಲ್ಲ."

"ಗೇಟ್ ದಾಟೂತನಾ ಮಲಗಿಸಿದ್ರ?"

ಮಾಂತು ಅತ್ತಿಗೆಯ ಮುಖ ನೋಡಿ, ಕೆಮ್ಮಿ, ದನಿ ಮೆತ್ತಗೆ ಮಾಡಿಕೊಂಡ. "ವೈನಿ, ನೀವು ನಾಳೆನೂ ಇಲ್ಲೇ ಇರಬೇಕು. ಮಂದೀ ಜೋಡಿ ಯಾಕ ಕಟಿಪಿಟಿ? ಮಲಗಸೂದು ಬ್ಯಾಡ, ಸ್ವಲ್ಪ ವಾಲಿಸಿ ಒಯ್ಯೂಣು. ಒಂದ್ ಗಳಿಗಿ ಮಾತು."

"ನಿಮ್ಮಣ್ಣ ವಾಲಿದ್ದು ಸಾಕು ಮಾಂತು," ಎಂದಳು ಶಿವಗಂಗವ್ವ.

ನೀತಾ ಅವಸರದಿಂದ ನಡುವೆ ಬಂದಳು. "ಹಂಗಲ್ಲ ಕಾಕು. ಮುತ್ತೈದೇರು ಕುಂಕುಮ ಹಚ್ಕೊಳ್ಳೂ ಜಾಗಾ ಅದು. ಹೆಣ ಹಾದ ಮ್ಯಾಲೆ ಅಲ್ಲಿ ಹ್ಯಾಂಗ..."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೇ ಕೇಳಿಸಿತು.

"ಹೆಣ ಅಂದಿ?" ಶಿವಗಂಗವ್ವ ಕೈ ಬಿಡಿಸಿಕೊಂಡಳು. "ಇಷ್ಟೊತ್ತನಾ ಕಾಕಾ ಆಗಿದ್ರಲ್ಲ?"

ಶೈಲಶ್ರೀ ಕೈಯಲ್ಲಿದ್ದ ಚಾಪೆಯನ್ನು ಹಾಗೆಯೇ ಬಿಟ್ಟು ಎದ್ದು ಬಂದಳು. ಶಿವಾಜಿನಗರದ ಕೋರ್ಟಿನಲ್ಲಿ ದಿನವಿಡೀ ವಕೀಲರ ಗದ್ದಲದ ನಡುವೆ ಕೆಲಸ ಮಾಡುವವಳು. ಜೋರಾಗಿ ಮಾತಾಡುವ ರೂಢಿಯಿರಲಿಲ್ಲ.

"ನೀತಾತಾಈ, ಕೆಳಗ ಮಂಟಪದ ಮ್ಯಾಲೆ ದೊಡ್ಡ ಅಕ್ಷರದಾಗ ಏನು ಬರಸೀರಿ?"

ನೀತಾ ಬಾಗಿಲ ಕಡೆ ನೋಡಿದಳು.

"ಅಗದೀ ಜವಳ್. ಹೌದಲ್ರಿ? ಬಾಜೂಕ ಆ ನಟನ ಫೋಟೋ. ಆ ಮಾತು ಯಾರದಂತ ಈ ಸೊಸೈಟಿಯೊಳಗ ಯಾರಿಗರ ಗೊತ್ತಿದ್ರ ಅದು ನಿಮಗ. ಫೋನ್ ಹಚ್ಚಿದವರು ನೀವು. ಬರಸೂ ಮುಂದ ಒಂದ್ ಸಲನೂ ನೆನಪಾಗಲಿಲ್ಲೇನು, ಮೂರನೇ ಮಾಳಗ್ಯಾಗ ಆ ಮನಷ್ಯಾ ಇನ್ನೂ ಅದಾನಂತ? ಒಂದು ಆಮಂತ್ರಣರ ಕೊಟ್ರೇನು?"

"ಟಿವ್ಹಿಯವರು ಬರಸಿದ್ದು ಅದು..."

"ಎಲ್ಲಾದಕ್ಕೂ ಟಿವ್ಹಿಯವರು," ಎಂದಳು ಶೈಲಶ್ರೀ.

ಬಾಗಿಲ ಬಳಿ ಅಭಿಲಾಷ ತಲೆ ತಗ್ಗಿಸಿ ನಿಂತಿದ್ದ.

*

ಕೇಬಲ್ ನಿಂತು ಬಹಳ ವರ್ಷಗಳಾದ ಮೇಲೆ ಒಂದು ಚಾನೆಲ್ಲಿನಿಂದ ಫೋನು ಬಂದಿತ್ತು. ಅಂಥದ್ದೇ ಆಟವೊಂದನ್ನು ಶುರು ಮಾಡುತ್ತಿದ್ದೇವೆ, ತಾವು ಬರಬೇಕು. ಬಸವಲಿಂಗ ಕಂದು ಕೋಟನ್ನು ಇಸ್ತ್ರಿ ಮಾಡಿಸಿಕೊಂಡ. ಗುಂಡಿ ಹೊಟ್ಟೆಯ ಮೇಲೆ ಕೂಡುತ್ತಿರಲಿಲ್ಲ. ಶಿವಗಂಗವ್ವ ಗುಂಡಿಯನ್ನು ಸರಿಸಿ ಹೊಲಿದುಕೊಟ್ಟಳು. ಮನೆಯಲ್ಲಿ ಆ ದಿನ ಹೋಳಿಗೆಯಾಯಿತು.

ಕರೆಸಿದ್ದು ಆಟ ನಡೆಸುವುದಕ್ಕಲ್ಲ. ಅದಕ್ಕೆ ಸಿನಿಮಾದ ನಟನೊಬ್ಬನನ್ನು ಆಗಲೇ ಗೊತ್ತುಮಾಡಿದ್ದರು. ಆ ನಟ ಕನ್ನಡಿಯ ಮುಂದೆ ಕೂತು, ಬಸವಲಿಂಗನಿಂದ ಆ ಮಾತನ್ನು ಮತ್ತೆ ಮತ್ತೆ ಹೇಳಿಸಿಕೊಂಡು ಕಲಿತ. ಬಾಗುವುದನ್ನು ಕಲಿತ, ದನಿ ಇಳಿಸುವುದನ್ನು ಕಲಿತ. 'ತಾಯಿ' ಎಂಬುದನ್ನು ಮಾತ್ರ ಸ್ವಲ್ಪ ಎಳೆದು, ಹಳ್ಳಿಗನನ್ನು ಅಣಕಿಸುವಂತೆ ಹೇಳಿದ. ಸುತ್ತಲಿದ್ದವರು ಬಿದ್ದು ಬಿದ್ದು ನಕ್ಕರು. ಬಸವಲಿಂಗನೂ ನಕ್ಕ.

ಆಮೇಲೆ ಅವನಿಗೊಂದು ಕೆಲಸ ಕೊಟ್ಟರು. ಶೂಟಿಂಗಿಗೆ ಮೊದಲು ಬಂದ ಜನರನ್ನು ನಗಿಸಿ, ಚಪ್ಪಾಳೆ ಯಾವಾಗ ತಟ್ಟಬೇಕೆಂದು ಹೇಳಿಕೊಟ್ಟು, ದೀಪಗಳು ಹತ್ತುವ ಮೊದಲು ಹಿಂದಿನ ಬಾಗಿಲಿನಿಂದ ಹೊರಗೆ ಹೋಗುವ ಕೆಲಸ. ಆರು ವರ್ಷ ಮಾಡಿದ.

ಶಿವಗಂಗವ್ವ ಒಂದೇ ಒಂದು ಸಲ ಹೋಗಿ ಜನರ ನಡುವೆ ಕೂತಿದ್ದಳು. ಗಂಡ ಕೈ ಎತ್ತಿದರೆ ಇಡೀ ಸಭೆ ಚಪ್ಪಾಳೆ ತಟ್ಟುತ್ತಿತ್ತು, ಕೈ ಇಳಿಸಿದರೆ ಸುಮ್ಮನಾಗುತ್ತಿತ್ತು. ಅವಳಿಗೆ ಹೆಮ್ಮೆಯೆನಿಸಿತು. ಅಷ್ಟರಲ್ಲಿ ಯಾರೋ ಅವನ ತೋಳು ಮುಟ್ಟಿ ಸನ್ನೆ ಮಾಡಿದರು. ಅವನು ಮಾತನ್ನು ಅರ್ಧಕ್ಕೇ ಬಿಟ್ಟು ಹೊರಟ. ದೀಪ ಹತ್ತಿತು. ನಟ ಬಂದ. "ಅಗದೀ ಜವಳ್ ಆಲಾತ್, ತಾಯಿ!" ಎಂದ. ಜನ ಕುರ್ಚಿ ಬಿಟ್ಟೆದ್ದರು. ಶಿವಗಂಗವ್ವನೂ ಎದ್ದಳು, ಎದ್ದವಳು ಹೊರಗೆ ನಡೆದುಬಿಟ್ಟಳು.

ಶಿವಾಜಿನಗರದ ಬಸ್‌ ಸ್ಟ್ಯಾಂಡಿನಲ್ಲಿ ಇಬ್ಬರೂ ಬಸ್ಸಿಗಾಗಿ ಕಾಯುತ್ತಿದ್ದರು. ಅವಳನ್ನು ನಗಿಸೋಣವೆಂದು ಬಸವಲಿಂಗ ಶೇಂಗಾ ಮಾರುವವಳ ಮುಂದೆ ಬಾಗಿ ತನ್ನ ಮಾತು ಹೇಳಿದ. ಹಿಂದೆ ನಿಂತಿದ್ದ ಕಾಲೇಜಿನ ಹುಡುಗನೊಬ್ಬ ಅವನ ಬೆನ್ನು ತಟ್ಟಿದ. "ಭಾರೀ ನಕಲ್ ಮಾಡ್ತೀರಿ ಕಾಕಾ. ಅಸಲೀನ ಅನ್ಸಬೇಕು, ಹಂಗ." ಹುಡುಗ ಹೇಳಿದ್ದು ಮರಾಠಿಯಲ್ಲಿ. ಅವಳು ಬಸ್ಸು ಹತ್ತಿ ಕೂತ ಮೇಲೂ ಅದು ಕನ್ನಡದಲ್ಲೇ ಕಿವಿಯಲ್ಲಿ ಕೊರೆಯುತ್ತಿತ್ತು.

"ನಿಮಗ ಸಿಟ್ಟು ಬರಂಗಿಲ್ಲೇನ್ರಿ?" ಎಂದು ಕೇಳಿದಳು.

ಬಸವಲಿಂಗ ಕಿಟಕಿಯಾಚೆ ನೋಡುತ್ತಿದ್ದ. ಹಾಗೆಯೇ ಹೇಳಿದ: "ಬರ್ತದ. ಭಾಳ ಬರ್ತದ. ಆದ್ರ ದೀಪ ಹತ್ತೂ ಮುಂದ, ಒಂದ್ ಹತ್ತ್ ನಿಮಿಷ, ಆ ಮಂದಿ ನನ್ನ ಮಂದಿ ಗಂಗಾ. ಅಷ್ಟಕ್ಕಂತ ಹೋಗ್ತೀನಿ."

ಚಪ್ಪಾಳೆಯ ಸದ್ದನ್ನು ಯಂತ್ರದಿಂದಲೇ ಸೇರಿಸಬಹುದೆಂದು ಆದ ಮೇಲೆ ಅವನನ್ನು ಕರೆಯುವುದನ್ನು ಬಿಟ್ಟರು. ಅದನ್ನೂ ಯಾರೂ ಹೇಳಲಿಲ್ಲ. ಹೋದಾಗ ಬಾಗಿಲ ಕಾವಲಿನವನು ಒಳಗೆ ಬಿಡಲಿಲ್ಲ, ಅಷ್ಟೇ.

*

"ಆ ಸ್ಟುಡಿಯೋದಾಗ ದಿನಾ ಹಿಂದಿನ ಬಾಗಿಲಿಂದ ಹೋಗ್ತಿದ್ರು," ಎಂದಳು ಶಿವಗಂಗವ್ವ. "ನನ್ನ ಕಣ್ಣಿಂದ ನೋಡೀನಿ. ಮಾತು ಮುಗಸಾಕನೂ ಬಿಡಲಿಲ್ಲ. ಇವತ್ತ ಮುಂದಿಂದ ಹೋಗ್ತಾರ. ಕುಂತೇ ಹೋಗ್ತಾರ. ಯಾರಿಗೆ ಕುಂಕುಮ ಹತ್ತಂಗಿಲ್ಲೋ ಅವರು ನಾಳೆ ಹಚ್ಕೊಳ್ಳಿ."

ನೀತಾ ಎದ್ದು, ಶಾಲು ಸರಿಪಡಿಸಿಕೊಂಡು, ಕಮಿಟಿಯವರನ್ನು ಕೇಳಬೇಕು ಎಂದು ಏನೋ ಹೇಳಹೊರಟಳು. ಸಿದ್ರಾಮಪ್ಪ ಮೂಲೆಯಿಂದಲೇ, "ಕೇಳ್ರಿ ತಾಯಿ. ಕೇಳೂದ್ರಾಗ ನಾವು ಇಳೀತೀವಿ," ಎಂದ.

ಮಾಂತು ಧೋತರದ ಚುಂಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡ ಹಿರಿಯರಿಬ್ಬರನ್ನು ಕರೆದು ಅಣ್ಣನನ್ನು ಎತ್ತಲು ಅಣಿಯಾದ. ಲಿಫ್ಟು ಸಣ್ಣದು. ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲಿನಿಂದಲೇ ಇಳಿಸಬೇಕಾಯಿತು. ಪ್ರತಿ ತಿರುವಿನಲ್ಲೂ ಅಭಿಲಾಷ ತಾನೇ ಕೆಳಗಿನ ಮೆಟ್ಟಿಲಿಗಿಳಿದು ಭಾರವನ್ನೆಲ್ಲ ಎದೆಗೆ ತೆಗೆದುಕೊಂಡ.

"ಆಂಟಿ," ಎಂದ ಕೆಳಗೆ ಬಂದ ಮೇಲೆ, ಬೆವರು ಒರೆಸದೆಯೇ. "ನಂಗೆ ಗೊತ್ತಿರಲಿಲ್ಲ. ಅಂಕಲ್ ಯಾಕೆ ಒಂದ್ ಸಲಾನೂ ಹೇಳ್ಲಿಲ್ಲ?"

"ಹೇಳಿದ್ರ ನೀ ನಂಬತಿದ್ದೇನು?" ಎಂದಳು ಶಿವಗಂಗವ್ವ.

ಹುಡುಗ ಕುರ್ಚಿಯ ಕಾಲಿಗೆ ಮತ್ತೆ ಕೈ ಹಾಕಿದ.

ಬಿದಿರಿನಿಂದ ಕಟ್ಟಿ, ಬಾಳೆಕಂಬ ನಿಲ್ಲಿಸಿ, ಹೂ ಸುತ್ತಿದ ಅಂತ್ಯಯಾತ್ರೆಯ ವಿಮಾನ ಕೆಳಗೆ ಸಿದ್ಧವಿತ್ತು. ಬಸವಲಿಂಗನನ್ನು ಅದರಲ್ಲಿ ಕೂರಿಸಿ ರುಮಾಲು ಸರಿಪಡಿಸಿದರು. ಭಜನೆಯವರು ತಾಳ ಹಿಡಿದರು. ನಾಲ್ವರು ಹೆಗಲು ಕೊಟ್ಟೆದ್ದು ಮುಂದಿನ ಅಂಗಳಕ್ಕೆ ತಿರುಗಿದರು.

ಮಂಟಪದಡಿ ಬಿಳಿಯ ಗವುಸು ಹಾಕಿದ ಕುರ್ಚಿಗಳ ಸಾಲು, ನಡುವೆ ಗೇಟಿನ ತನಕ ಹಾಸಿದ ಕೆಂಪು ಜಮಖಾನೆ. ಕಪ್ಪು ಸೀರೆಯ ಹೆಂಗಸರು ತಾಟುಗಳಲ್ಲಿ ಎಳ್ಳು-ಬೆಲ್ಲ ಜೋಡಿಸುತ್ತಿದ್ದರು. ಕಮಿಟಿಯವರೊಬ್ಬರು ಕೈ ಅಡ್ಡ ಚಾಚಿ ಓಡಿ ಬಂದವರು, ಹೊತ್ತವರ ಹೆಜ್ಜೆ ನಿಲ್ಲದ್ದನ್ನು ಕಂಡು ಅಷ್ಟೇ ಬೇಗ ಬದಿಗೆ ಸರಿದರು. ತಾಳ ಕೇಳಿ ನಟನೇ ಬಂದನೆಂದುಕೊಂಡ ಸೌಂಡಿನವನು ಅದೇ ಗಳಿಗೆಗೆ ಗುಂಡಿ ಒತ್ತಿದ. ಡೊಳ್ಳಿನ ಸದ್ದಿನೊಂದಿಗೆ ಎರಡೂ ಸ್ಪೀಕರ್ ಪೆಟ್ಟಿಗೆಗಳಿಂದ ನಟನ ದನಿ ಗುಡುಗಿತು:

"ಅಗದೀ ಜವಳ್ ಆಲಾತ್, ತಾಯೀ..."

ಶೈಲಶ್ರೀ ಸಾಲು ಬಿಟ್ಟು ವೇದಿಕೆಯ ಬದಿಗೆ ನಡೆದಳು. ಸೌಂಡಿನವನು "ಅರೇ ಮ್ಯಾಡಮ್" ಎನ್ನುತ್ತಿದ್ದಂತೆ ದಪ್ಪ ವೈರನ್ನು ಎರಡೂ ಕೈಯಿಂದ ಹಿಡಿದು ಎಳೆದಳು. ಕಿಡಿ ಹಾರಿ ಮಂಟಪದ ದೀಪಗಳೆಲ್ಲ ಒಟ್ಟಿಗೆ ಆರಿದವು. ತಾಳದ ಸದ್ದು ಮಾತ್ರ ಉಳಿಯಿತು.

ತಾಟು ಜೋಡಿಸುತ್ತಿದ್ದವರಲ್ಲಿ ವಯಸ್ಸಾದ ಒಬ್ಬಾಕೆ ಕಣ್ಣು ಕಿರಿದಾಗಿಸಿ ವಿಮಾನದತ್ತ ನೋಡಿದಳು. "ಟೋಪಲೀವಾಲೇ?" ಎಂದು ಪಕ್ಕದವಳನ್ನು ಕೇಳಿದಳು. ಬುಟ್ಟಿಯವರೇ? ಪಕ್ಕದವಳಿಗೆ ಗೊತ್ತಿರಲಿಲ್ಲ. ಆಕೆ ತಲೆಯ ಮೇಲೆ ಸೆರಗು ಹೊದ್ದು ಎದ್ದು ನಿಂತಳು. ಮತ್ತಿಬ್ಬರು ಮೂವರು ಎದ್ದರು. ಉಳಿದವರು ಕೂತೇ ಇದ್ದರು. ಕೆಲವರು ಸೀರೆಯ ಅಂಚು ತಾಗದಿರಲೆಂದು ಕಾಲು ಒಳಗೆ ಎಳೆದುಕೊಂಡರು. ವೇದಿಕೆಯ ಮೆಟ್ಟಿಲ ಹತ್ತಿರ ನಿಂತಿದ್ದ ನೀತಾ ನೆಲ ನೋಡುತ್ತಿದ್ದಳು. ಶಿವಗಂಗವ್ವ ಅವಳ ಮುಂದೆಯೇ ಹಾದುಹೋದಳು.

ಕಾವಲಿನವನು ಗೇಟಿನ ಒಂದೇ ಕದ ತೆರೆದ. ಮಾಂತು "ಎರಡೂ ತಗೀ" ಎಂದು ಗದರಿದ. ತನ್ನ ಜೀವಮಾನದಲ್ಲಿ ಯಾರನ್ನೂ ಹಾಗೆ ಗದರಿದವನಲ್ಲ ಅವನು.

ಹೊರಗಿನ ಓಣಿ ಇಕ್ಕಟ್ಟು. ಎರಡೂ ಬದಿಗೆ ಸ್ಕೂಟರುಗಳು ನಿಂತಿದ್ದವು. ದೊಡ್ಡ ರಸ್ತೆಯಲ್ಲಿ ಕಾಯುತ್ತಿದ್ದ ಗಾಡಿಯ ತನಕ ಹೊತ್ತುಕೊಂಡೇ ಹೋಗಬೇಕಿತ್ತು. ಅರ್ಧ ದಾಟುವಷ್ಟರಲ್ಲಿ ಎದುರಿನಿಂದ ದೊಡ್ಡ ಬಿಳಿಯ ಕಾರೊಂದು ಒಳಗೆ ನುಗ್ಗಿ ಬಂದು, ಹಾರನ್ ಹೊಡೆದು, ನಿಂತಿತು. ಹಿಂದಿನಿಂದ ಕಾರ್ಯಕ್ರಮದ ಹುಡುಗನೊಬ್ಬ ಏದುಸಿರು ಬಿಡುತ್ತ ಓಡಿ ಬಂದ. "ಎರಡ್ ಮಿನಿಟ್ ಬಾಜೂಕ ಸರೀರಿ ಕಾಕಾ, ಪ್ಲೀಜ್. ಸರ್ ಬಂದಾರ."

ಮಾಂತು ಅವನತ್ತ ನೋಡಲಿಲ್ಲ. ಹೆಗಲ ಮೇಲಿನ ಬಿದಿರನ್ನು ಸರಿಯಾಗಿ ಕೂರಿಸಿಕೊಂಡು ಒಂದು ಹೆಜ್ಜೆ ಮುಂದಿಟ್ಟ. ಅಭಿಲಾಷ ಇಟ್ಟ. ಹಿಂದಿನ ಇಬ್ಬರೂ ಇಟ್ಟರು. ತಾಳದವರು ಬಾರಿಸುತ್ತಲೇ ಇದ್ದರು.

ಕಾರಿನವನು ಇನ್ನೊಮ್ಮೆ ಹಾರನ್ ಹೊಡೆಯಲು ಎತ್ತಿದ ಕೈಯನ್ನು ಕೆಳಗಿಳಿಸಿದ. ಗೇರು ಬದಲಿಸಿದ. ಕಾರು ಪೀಂ ಪೀಂ ಎಂದು ಕೂಗುತ್ತ ಹಿಂದಕ್ಕೆ ಸರಿಯತೊಡಗಿತು. ಸ್ಕೂಟರುಗಳಿಗೆ ತಾಗದಂತೆ ಚಾಲಕ ಪೂರ್ತಿ ಹಿಂದಕ್ಕೆ ತಿರುಗಿ ಕೂತಿದ್ದ. ಹಿಂದಿನ ಸೀಟಿನ ನಡುವೆ ಕೂತ ನಟನಿಗೆ ಮಾತ್ರ ಮುಂದಿನ ಗಾಜಿನ ಹೊರತು ನೋಡಲು ಬೇರೆ ಕಡೆಯಿರಲಿಲ್ಲ. ಅವನು ಕಪ್ಪು ಕನ್ನಡಕ ತೆಗೆದ. ನಮಸ್ಕಾರಕ್ಕೆಂದೋ ಏನೋ ಕೈ ಅರ್ಧ ಎತ್ತಿ, ಹಾಗೆಯೇ ತೊಡೆಯ ಮೇಲೆ ಇಟ್ಟುಕೊಂಡ. ಗಾಜಿನಾಚೆ, ಎಲ್ಲರ ತಲೆಗಳಿಗಿಂತ ಎತ್ತರದಲ್ಲಿ, ವಿಭೂತಿ ಹಚ್ಚಿದ ಹಣೆಯ ಬಸವಲಿಂಗ ನೆಟ್ಟಗೆ ಕೂತು, ಹೆಜ್ಜೆ ಹೆಜ್ಜೆಯಾಗಿ ಅವನ ಕಡೆಗೇ ಬರುತ್ತಿದ್ದ. ಕಾರು ಹಿಂದೆ ಹಿಂದೆ ಹೋಗುತ್ತಲೇ ಇತ್ತು.